ಒಂಬತ್ತು ವರ್ಷದ ಮಗಳಿಗೆ ಚಿಯರ್‌ಲೀಡಿಂಗ್: ಡಲ್ಲಾಸ್ ಸುತ್ತಮುತ್ತ ಒಳ್ಳೆಯ ತರಬೇತಿ ಕೇಂದ್ರವನ್ನು ಆರಿಸುವುದು ಹೇಗೆ?

ಫ್ರಿಸ್ಕೋದ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಒಂಬತ್ತು ವರ್ಷ. ಚಿಕ್ಕಂದಿನಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಕಳೆದ ವರ್ಷದಿಂದ ವಾರಕ್ಕೊಮ್ಮೆ ಜಿಮ್ನಾಸ್ಟಿಕ್ಸ್ ತರಗತಿಗೂ ಹೋಗುತ್ತಾಳೆ. ಅವಳ ಇಬ್ಬರು ಗೆಳತಿಯರು ಚಿಯರ್‌ಲೀಡಿಂಗ್ ತಂಡದಲ್ಲಿದ್ದಾರೆ. ಅವರ ಸ್ಪರ್ಧೆಯೊಂದನ್ನು ನೋಡಿಬಂದ ದಿನದಿಂದ ತಾನೂ ಸೇರಲೇಬೇಕೆಂದು ಹಟ ಹಿಡಿದಿದ್ದಾಳೆ.

ಇಲ್ಲಿ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಹತ್ತಾರು ಜಿಮ್‌ಗಳು ಸಿಗುತ್ತವೆ. ಎಲ್ಲರ ಜಾಲತಾಣದಲ್ಲೂ ಟ್ರೋಫಿಗಳಿವೆ, ನಗುವ ಮಕ್ಕಳಿದ್ದಾರೆ, 'ಕುಟುಂಬ' ಎಂಬ ಮಾತಿದೆ. ಇವುಗಳಲ್ಲಿ ಒಳ್ಳೆಯದು ಯಾವುದೆಂದು ತಿಳಿಯುವ ಬಗೆ ನನಗೆ ಗೊತ್ತಿಲ್ಲ. ನಾನಾಗಲಿ ನನ್ನ ಗಂಡನಾಗಲಿ ಬೆಳೆದ ಊರಿನಲ್ಲಿ ಈ ಕ್ರೀಡೆಯೇ ಇರಲಿಲ್ಲ. ತುಮಕೂರಿನಲ್ಲಿರುವ ನಮ್ಮ ಅತ್ತೆಮಾವ ಇದನ್ನು ಐಪಿಎಲ್ ಪಂದ್ಯಗಳ ನಡುವೆ ಕಂಡ ಕುಣಿತವೆಂದೇ ತಿಳಿದಿದ್ದಾರೆ, ಅದಕ್ಕೆ ಮೊಮ್ಮಗಳನ್ನು ಕಳಿಸುವುದು ಅವರಿಗೆ ಇಷ್ಟವಿಲ್ಲ. ಮಕ್ಕಳನ್ನು ಈ ದಾರಿಯಲ್ಲಿ ಕರೆದೊಯ್ದವರು ಯಾರಾದರೂ ಇದ್ದರೆ, ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂದು ದಯವಿಟ್ಟು ತಿಳಿಸಿ.

ಪ್ಲೇನೋದ ತಂದೆ

ನಮ್ಮ ಹಿರಿಯ ಮಗಳು ಇದೇ ವಯಸ್ಸಿನಲ್ಲಿ ಆರಂಭಿಸಿ ಹೈಸ್ಕೂಲು ಮುಗಿಯುವವರೆಗೂ ಈ ಕ್ರೀಡೆಯಲ್ಲಿದ್ದಳು. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ತಿಳಿಯಬೇಕಾದ ವಿಷಯವೆಂದರೆ, ಚಿಯರ್‌ಲೀಡಿಂಗ್ ಎಂಬ ಒಂದೇ ಹೆಸರಿನಡಿ ಮೂರು ಬೇರೆಬೇರೆ ಲೋಕಗಳಿವೆ. ಊರಿನ ಮನರಂಜನಾ ಲೀಗ್‌ಗಳು ಒಂದು. ಪಾಪ್ ವಾರ್ನರ್‌ನಂತಹ ಸಂಸ್ಥೆಗಳಲ್ಲಿ ಮಕ್ಕಳ ಅಮೆರಿಕನ್ ಫುಟ್‌ಬಾಲ್ ತಂಡದ ಜೊತೆಗೆ ಚಿಯರ್ ತಂಡವೂ ಇರುತ್ತದೆ, ಕೋಚ್‌ಗಳು ಹೆಚ್ಚಾಗಿ ಸ್ವಯಂಸೇವಕ ಪೋಷಕರು, ಚಳಿಗಾಲದ ಹೊತ್ತಿಗೆ ಋತು ಮುಗಿಯುತ್ತದೆ, ವೆಚ್ಚ ಕೆಲವು ನೂರು ಡಾಲರ್‌ಗಳನ್ನು ಮೀರುವುದು ಕಡಿಮೆ. ಎರಡನೆಯದು ಶಾಲಾ ತಂಡ. ನಮ್ಮ ಕಡೆ ಇದು ಸಾಮಾನ್ಯವಾಗಿ ಏಳನೆಯ ತರಗತಿಯಿಂದ, ವಸಂತಕಾಲದ ಆಯ್ಕೆಯ ಮೂಲಕ ಸಿಗುವಂಥದ್ದು. ಮೂರನೆಯದು ಆಲ್‌ಸ್ಟಾರ್. ಇಲ್ಲಿ ಹುರಿದುಂಬಿಸಲು ಬೇರೆ ಯಾವ ತಂಡವೂ ಇರುವುದಿಲ್ಲ, ಸ್ಪರ್ಧೆಯೇ ಗುರಿ. 54 ಅಡಿ ಅಗಲ, 42 ಅಡಿ ಆಳದ ನೆಲಹಾಸಿನ ಮೇಲೆ ಎರಡೂವರೆ ನಿಮಿಷದ ಒಂದು ಪ್ರದರ್ಶನ. ಅದರಲ್ಲಿ ಟಂಬ್ಲಿಂಗ್ (ನೆಲದ ಮೇಲಿನ ಪಲ್ಟಿಗಳು), ಸ್ಟಂಟ್ (ಒಬ್ಬಳನ್ನು ಉಳಿದವರು ಮೇಲೆತ್ತುವುದು), ಪಿರಮಿಡ್ (ಅಂತಹ ಗುಂಪುಗಳನ್ನು ಜೋಡಿಸುವುದು), ಜಿಗಿತ, ನೃತ್ಯ ಎಲ್ಲವೂ ಇರಬೇಕು. ಆ ಎರಡೂವರೆ ನಿಮಿಷಕ್ಕಾಗಿ ಮೇ ಅಥವಾ ಜೂನ್ ತಿಂಗಳಿನಿಂದ ಮುಂದಿನ ವಸಂತದವರೆಗೆ ಇಡೀ ವರ್ಷ ಮೀಸಲಾಗುತ್ತದೆ. ನಿಮ್ಮ ಮಗಳು ನೋಡಿಬಂದದ್ದು ಬಹುಶಃ ಇದನ್ನೇ.

ನಾವಿರುವ ಪ್ರದೇಶ ಈ ಕ್ರೀಡೆಯ ತವರುಗಳಲ್ಲೊಂದು. ಲಾರೆನ್ಸ್ ಹರ್ಕಿಮರ್ ಎಂಬುವರು 1948ರಲ್ಲಿ ರಾಷ್ಟ್ರೀಯ ಚಿಯರ್‌ಲೀಡರ್ಸ್ ಸಂಘವನ್ನು ಹುಟ್ಟುಹಾಕಿದ್ದು ಡಲ್ಲಾಸ್‌ನಲ್ಲೇ; ಆ ಸಂಘದ ಆಲ್‌ಸ್ಟಾರ್ ರಾಷ್ಟ್ರೀಯ ಸ್ಪರ್ಧೆ ಹಲವು ವರ್ಷ ಚಳಿಗಾಲದ ಕೊನೆಗೆ ಡಲ್ಲಾಸ್ ಸಮ್ಮೇಳನ ಕೇಂದ್ರದಲ್ಲಿ ನಡೆದಿದೆ. ಹೀಗಾಗಿ ನಮಗೆ ಆಯ್ಕೆಗಳು ಹೆಚ್ಚು, ಗೊಂದಲವೂ ಹೆಚ್ಚು.

ಗೋಡೆಯ ಮೇಲಿನ ಬ್ಯಾನರ್‌ಗಳನ್ನು ನೋಡಿ ನಿರ್ಧರಿಸಬೇಡಿ. 'ನ್ಯಾಷನಲ್ಸ್' ಎಂಬ ಹೆಸರನ್ನು ಹಲವು ಖಾಸಗಿ ಸ್ಪರ್ಧಾ ಕಂಪನಿಗಳು ಬಳಸುತ್ತವೆ. ವಯಸ್ಸು, ಮಟ್ಟ, ತಂಡದ ಗಾತ್ರ ಎಂದು ವಿಭಾಗಗಳನ್ನು ಒಡೆಯುತ್ತ ಹೋದಾಗ ಒಂದೇ ವಾರಾಂತ್ಯದಲ್ಲಿ ಬಹಳಷ್ಟು ಚಾಂಪಿಯನ್‌ಗಳು ಹುಟ್ಟುತ್ತಾರೆ. ಅದರ ಬದಲು ಸ್ಪರ್ಧೆಯಿಲ್ಲದ ಒಂದು ಸಾಧಾರಣ ವಾರದ ಸಂಜೆ ಹೋಗಿ, ಅಭ್ಯಾಸವನ್ನು ಆರಂಭದಿಂದ ಕೊನೆಯವರೆಗೆ ಕುಳಿತು ನೋಡಿ. ಚೆನ್ನಾಗಿ ಮಾಡುವ ಮಕ್ಕಳನ್ನು ಯಾವ ಕೋಚ್ ಆದರೂ ಚೆನ್ನಾಗಿಯೇ ನಡೆಸಿಕೊಳ್ಳುತ್ತಾರೆ. ಆ ದಿನ ಇನ್ನೂ ಸಿದ್ಧವಾಗಿರದ ಮಗು ಯಾರೆಂದು ಗುರುತಿಸಿಕೊಳ್ಳಿ, ಕಣ್ಣನ್ನು ಅದರ ಮೇಲೆಯೇ ಇಡಿ. ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಹಾರಿ ಕೈಯೂರಿ ಹೊಡೆಯುವ ಪಲ್ಟಿ) ಬಾರದ ಮಗುವಿಗೆ ಕೋಚ್ ಕೈ ಕೊಟ್ಟು ಇಳಿಜಾರು ಮ್ಯಾಟ್ ಮೇಲೆ ಮತ್ತೆ ಮೊದಲಿನಿಂದ ಕಲಿಸುತ್ತಾರೆಯೇ, ಎಲ್ಲರೆದುರು 'ಹೋಗು, ಸುಮ್ಮನೆ ಮಾಡಿಬಿಡು' ಎನ್ನುತ್ತಾರೆಯೇ? ಆ ಒಂದು ಗಂಟೆ ನಿಮಗೆ ಹೇಳುವಷ್ಟನ್ನು ಯಾವ ಜಾಲತಾಣವೂ ಹೇಳಲಾರದು. ಪೋಷಕರಿಗೆ ಅಭ್ಯಾಸ ನೋಡಲು ಎಂದೂ ಅವಕಾಶವಿಲ್ಲ ಎನ್ನುವ ಜಿಮ್ ಆದರೆ ಅಲ್ಲಿಂದಲೇ ಹಿಂದಿರುಗಿ.

ಹ್ಯೂಸ್ಟನ್ ಫಿಸಿಯೋಥೆರಪಿಸ್ಟ್

ಮೇಲಿನವರು ಹೇಳಿದ್ದಕ್ಕೆ ನನ್ನ ವೃತ್ತಿಯ ಕಡೆಯಿಂದ ಒಂದಷ್ಟು ಸೇರಿಸುತ್ತೇನೆ. ಒಟ್ಟಾರೆ ಗಾಯಗಳ ಪ್ರಮಾಣವನ್ನು ನೋಡಿದರೆ ಚಿಯರ್‌ಲೀಡಿಂಗ್ ಹುಡುಗಿಯರ ಸಾಕರ್ ಅಥವಾ ಜಿಮ್ನಾಸ್ಟಿಕ್ಸ್‌ಗಿಂತ ಅಪಾಯಕಾರಿಯಲ್ಲ. ಆದರೆ ಗಾಯವಾದಾಗ ಅದು ತೀವ್ರವಾಗಿರುವ ಸಂಭವ ಹೆಚ್ಚು. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿರುವ ರಾಷ್ಟ್ರೀಯ ಕೇಂದ್ರವು 1982ರಿಂದ ದಶಕಗಳ ಕಾಲ ದಾಖಲಿಸಿದ ಮಾಹಿತಿಯಂತೆ, ಹೈಸ್ಕೂಲು ಹುಡುಗಿಯರಿಗೆ ಕ್ರೀಡೆಯಲ್ಲಿ ನೇರವಾಗಿ ಆದ ಅತಿ ಗಂಭೀರ ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಿಯರ್‌ಲೀಡಿಂಗ್‌ನಿಂದ ಬಂದಿದ್ದವು. ಸ್ಟಂಟ್‌ಗಳೇ ಮುಖ್ಯ ಕಾರಣ. ಮೇಲಿರುವ ಹುಡುಗಿಗೆ ಮಾತ್ರ ಅಪಾಯವೆಂದು ಭಾವಿಸಬಾರದು; ಕೆಳಗೆ ನಿಂತು ಹಿಡಿಯುವ ಮಕ್ಕಳ ತಲೆಗೂ ಮೊಣಕೈ, ಮೊಣಕಾಲು ಬಡಿದು ಕನ್ಕಷನ್ (ಪೆಟ್ಟಿನಿಂದ ಮಿದುಳಿಗಾಗುವ ಆಘಾತ) ಆಗುವುದುಂಟು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಈ ಬಗ್ಗೆ ಹೇಳಿಕೆಯೊಂದನ್ನು ಹೊರಡಿಸಿತು. ಸ್ಟಂಟ್ ಮತ್ತು ಪಿರಮಿಡ್‌ಗಳನ್ನು ಸ್ಪ್ರಿಂಗ್ ಅಥವಾ ಫೋಮ್ ನೆಲದ ಮೇಲೆ, ಇಲ್ಲವೇ ಹುಲ್ಲಿನ ಮೇಲೆ ಮಾತ್ರ ಮಾಡಿಸಬೇಕು. ಗಟ್ಟಿ, ಒದ್ದೆ ಅಥವಾ ಏರುಪೇರಾದ ನೆಲದ ಮೇಲೆ ಕೂಡದು. ಸೇರುವ ಮುನ್ನ ವೈದ್ಯಕೀಯ ತಪಾಸಣೆ ಆಗಬೇಕು. ತಲೆಗೆ ಪೆಟ್ಟಾದ ಸಂಶಯ ಬಂದ ಮಗುವನ್ನು ಕೂಡಲೇ ಆಟದಿಂದ ಹೊರಗಿಡಬೇಕು, ವೈದ್ಯರ ಲಿಖಿತ ಅನುಮತಿಯಿಲ್ಲದೆ ಮರಳಿ ಸೇರಿಸಬಾರದು ಎಂಬುವು ಅದರಲ್ಲಿನ ಮುಖ್ಯ ಶಿಫಾರಸುಗಳು. ಟೆಕ್ಸಾಸ್‌ನಲ್ಲಿ 2011ರಲ್ಲಿ ಜಾರಿಗೆ ಬಂದ ಕನ್ಕಷನ್ ಕಾಯಿದೆ ಶಾಲಾ ಕ್ರೀಡೆಗಳನ್ನು ಕುರಿತದ್ದು. ಖಾಸಗಿ ಜಿಮ್‌ಗಳನ್ನು ಉದ್ದೇಶಿಸಿ ಬರೆದದ್ದಲ್ಲ. ಆದ್ದರಿಂದ ನೀವು ಹೋಗುವ ಜಿಮ್‌ನಲ್ಲಿ ಇಂತಹ ಲಿಖಿತ ನಿಯಮ ಇದೆಯೇ ಎಂದು ನೇರವಾಗಿ ಕೇಳಿ. ಅಪಘಾತವಾದರೆ ಆಂಬುಲೆನ್ಸ್‌ಗೆ ಕರೆ ಮಾಡುವವರು ಯಾರು, ಬಾಗಿಲಲ್ಲಿ ನಿಂತು ದಾರಿ ತೋರಿಸುವವರು ಯಾರು, ಉಳಿದ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬ ತುರ್ತು ಯೋಜನೆ ಬರಹದಲ್ಲಿ ಇರಬೇಕು. ಕೇಳಿದ ಕೂಡಲೇ ತೋರಿಸಿದರೆ ಅವರು ಅದನ್ನು ಅಭ್ಯಾಸ ಮಾಡಿದ್ದಾರೆಂದು ನಂಬಬಹುದು.

ಇನ್ನೊಂದು ಬಗೆಯ ಗಾಯ ಸದ್ದಿಲ್ಲದೆ ಬರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಕೈಗಳ ಮೇಲೆ ಪದೇಪದೇ ಭಾರ ಬಿದ್ದು ಮಣಿಕಟ್ಟಿನ ಬೆಳವಣಿಗೆಯ ಭಾಗಕ್ಕೆ ತೊಂದರೆಯಾಗುವುದು, ಬೆನ್ನನ್ನು ಅತಿಯಾಗಿ ಹಿಂದಕ್ಕೆ ಬಾಗಿಸಿ ಕೆಳಬೆನ್ನಿನ ಮೂಳೆಯಲ್ಲಿ ಬಿರುಕು ಬಿಡುವುದು, ಇವೆರಡನ್ನೂ ನಾನು ಚಿಕಿತ್ಸಾಲಯದಲ್ಲಿ ನೋಡುತ್ತಲೇ ಇರುತ್ತೇನೆ. ನಿಮ್ಮ ಮಗಳು ಭರತನಾಟ್ಯವನ್ನೂ ಮಾಡುವುದರಿಂದ ಮೊಣಕಾಲು, ಹಿಮ್ಮಡಿಗಳ ಮೇಲೆ ಈಗಾಗಲೇ ಒತ್ತಡವಿದೆ. ವಾರದಲ್ಲಿ ಒಂದೆರಡು ದಿನ ಪೂರ್ಣ ವಿಶ್ರಾಂತಿ ಕೊಡುವ, ವರ್ಷದಲ್ಲಿ ಕೆಲವು ವಾರಗಳಾದರೂ ಮಕ್ಕಳನ್ನು ಬೇರೆ ಆಟಗಳಿಗೆ ಬಿಡುವ ಜಿಮ್ ಅನ್ನು ನಾನು ಮೇಲಿನ ಸ್ಥಾನದಲ್ಲಿಡುತ್ತೇನೆ. ನೋವು ಎಂದ ಮಗುವಿಗೆ ಟೇಪ್ ಸುತ್ತಿ ಮರಳಿ ನೆಲಕ್ಕೆ ಕಳಿಸುವ ಜಿಮ್‌ಗೆ ನನ್ನ ಮಗುವನ್ನು ಖಂಡಿತ ಕಳಿಸುವುದಿಲ್ಲ.

ಆಸ್ಟಿನ್ ವಿದ್ಯಾರ್ಥಿನಿ

ನಾನು ಈಗ ಕಾಲೇಜಿನಲ್ಲಿದ್ದೇನೆ. ಶಾಲೆಯ ವರ್ಷಗಳೆಲ್ಲ ಆಲ್‌ಸ್ಟಾರ್ ತಂಡಗಳಲ್ಲಿ ಬ್ಯಾಕ್‌ಸ್ಪಾಟ್ ಆಗಿದ್ದೆ, ಅಂದರೆ ಹಿಂದೆ ನಿಂತು ಫ್ಲೈಯರ್‌ನ (ಮೇಲೆ ಎತ್ತಿದ ಹುಡುಗಿಯ) ಕಣಕಾಲನ್ನು ಹಿಡಿದು, ಬಿದ್ದರೆ ತಲೆ ಮತ್ತು ಭುಜಗಳನ್ನು ಕಾಯುವವಳು. ಮನೆಯಲ್ಲಿ ಕನ್ನಡ ಮಾತನಾಡುತ್ತ, ಓದುತ್ತ ಬೆಳೆದದ್ದರಿಂದ ಈ ಚರ್ಚೆಯಲ್ಲಿ ಬರೆಯುವ ಧೈರ್ಯ ಮಾಡುತ್ತಿದ್ದೇನೆ.

ನಮ್ಮ ಸಮುದಾಯದ ಪೋಷಕರು ಸಾಮಾನ್ಯವಾಗಿ ಮೊದಲು ಕೇಳುವುದು 'ನಮ್ಮ ಮಗಳು ಸಣ್ಣಗಿದ್ದಾಳೆ, ಅವಳನ್ನು ಫ್ಲೈಯರ್ ಮಾಡುತ್ತೀರಾ' ಎಂದು. ದಯವಿಟ್ಟು ಹಾಗೆ ಕೇಳಬೇಡಿ. ಮಕ್ಕಳು ಬೆಳೆಯುತ್ತಾರೆ, ಸ್ಥಾನ ಬದಲಾಗುತ್ತದೆ. ಹತ್ತು ವರ್ಷಕ್ಕೆ ಫ್ಲೈಯರ್ ಆಗಿದ್ದು ಹದಿಮೂರಕ್ಕೆ ಬೇಸ್ (ಕೆಳಗೆ ನಿಂತು ಎತ್ತುವವಳು) ಆಗಬೇಕಾಗಿ ಬಂದ ನನ್ನ ಗೆಳತಿಯೊಬ್ಬಳು ಅದನ್ನು ಶಿಕ್ಷೆಯೆಂದು ತಿಳಿದು ಊಟ ಬಿಟ್ಟಳು. ಒಳ್ಳೆಯ ಜಿಮ್‌ನಲ್ಲಿ ಚಿಕ್ಕ ಮಕ್ಕಳಿಗೆ ಎಲ್ಲ ಸ್ಥಾನಗಳನ್ನೂ ಕಲಿಸುತ್ತಾರೆ, ತೂಕದ ಮಾತನ್ನು ಆಡುವುದೇ ಇಲ್ಲ. ಭೇಟಿ ಕೊಟ್ಟಾಗ ಈ ವಿಷಯದಲ್ಲಿ ಕೋಚ್‌ಗಳ ಬಾಯಿಂದ ಬರುವ ಮಾತುಗಳನ್ನು ಗಮನವಿಟ್ಟು ಕೇಳಿ.

ಆಲ್‌ಸ್ಟಾರ್‌ನಲ್ಲಿ ಲೆವೆಲ್ 1ರಿಂದ 7ರವರೆಗೆ ಮಟ್ಟಗಳಿವೆ. ಲೆವೆಲ್ 1ರಲ್ಲಿ ಎರಡೂ ಕಾಲುಗಳ ಮೇಲೆ ನಿಂತ ಫ್ಲೈಯರ್‌ನ್ನು ಭುಜದ ಎತ್ತರಕ್ಕೆ ಎತ್ತಬಹುದು. ಕೈಗಳನ್ನು ಪೂರ್ತಿ ಚಾಚಿ ತಲೆಯ ಮೇಲೆತ್ತುವುದು ಲೆವೆಲ್ 2ರಲ್ಲಿ ಆರಂಭ. ಟಂಬ್ಲಿಂಗ್‌ನಲ್ಲೂ ಹಾಗೆಯೇ: ಮೊದಲ ಮಟ್ಟದಲ್ಲಿ ಕಾರ್ಟ್‌ವೀಲ್ ಮತ್ತು ವಾಕೋವರ್‌ನಂತಹ ಕೈಯೂರಿ ಮಾಡುವ ಸರಳ ಚಲನೆಗಳು, ಎರಡನೆಯದರಲ್ಲಿ ಹ್ಯಾಂಡ್‌ಸ್ಪ್ರಿಂಗ್, ಮೂರನೆಯದರಲ್ಲಿ ಓಡಿಬಂದು ಹಾಕುವ ಟಕ್, ಅಂದರೆ ಕೈಯೂರದೆ ಗಾಳಿಯಲ್ಲೇ ಮೈ ಮುದುಡಿ ಹೊಡೆಯುವ ಪಲ್ಟಿ. ಈ ಮೆಟ್ಟಿಲುಗಳನ್ನು ಮಾಡಿದ್ದು ಮಕ್ಕಳ ರಕ್ಷಣೆಗಾಗಿ. ಆದರೂ ಮೇಲಿನ ಮಟ್ಟದ ತಂಡದಲ್ಲಿ ತಲೆಯೆಣಿಕೆ ಕಡಿಮೆಯಾದಾಗ ಸಿದ್ಧವಾಗಿರದ ಮಗುವನ್ನು ಮೇಲಕ್ಕೆ ಹಾಕುವ ಜಿಮ್‌ಗಳಿವೆ, ಪೋಷಕರು ಅದನ್ನು ಬಡ್ತಿಯೆಂದು ಸಂಭ್ರಮಿಸುತ್ತಾರೆ. ಇದಕ್ಕೆ ವಿರುದ್ಧವಾಗಿ, ಗೆಲ್ಲುವುದಕ್ಕೆಂದು ಬಲವಾದ ಮಕ್ಕಳನ್ನು ಕೆಳಗಿನ ಮಟ್ಟದಲ್ಲೇ ಉಳಿಸಿಕೊಳ್ಳುವುದೂ ಉಂಟು. ಅದನ್ನು ಸ್ಯಾಂಡ್‌ಬ್ಯಾಗಿಂಗ್ ಎನ್ನುತ್ತಾರೆ. 'ನನ್ನ ಮಗಳನ್ನು ಈ ಮಟ್ಟಕ್ಕೆ ಏಕೆ ಹಾಕಿದ್ದೀರಿ, ಮುಂದಿನ ಮಟ್ಟಕ್ಕೆ ಅವಳಲ್ಲಿ ಏನು ಕಾಣಬೇಕು' ಎಂಬ ಪ್ರಶ್ನೆಗೆ ಕೋಚ್ ನಿರ್ದಿಷ್ಟವಾದ ಉತ್ತರ ಕೊಡಬಲ್ಲವರಾಗಿರಬೇಕು.

ಮೆಂಟಲ್ ಬ್ಲಾಕ್ ಬಗ್ಗೆ ಯಾರೂ ಹೊಸ ಪೋಷಕರಿಗೆ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಎರಡು ವರ್ಷದಿಂದ ಸಲೀಸಾಗಿ ಹಿಂದಕ್ಕೆ ಪಲ್ಟಿ ಹೊಡೆಯುತ್ತಿದ್ದ ಮಗು ಒಂದು ದಿನ ಬೆಳಿಗ್ಗೆ ಅದೇ ಜಾಗದಲ್ಲಿ ನಿಂತು ಮಾಡಲಾಗದೆ ನಡುಗುತ್ತದೆ. ಮೈಯಲ್ಲಿ ಶಕ್ತಿಯಿದೆ, ತಂತ್ರ ಗೊತ್ತಿದೆ, ಆದರೆ ಹಿಂದಕ್ಕೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಇದು ಟಂಬ್ಲಿಂಗ್ ಮಾಡುವ ಮಕ್ಕಳಲ್ಲಿ ಬಹಳ ಸಾಮಾನ್ಯ, ನನಗೂ ಬಂದಿತ್ತು. ನನ್ನ ಮೊದಲ ಜಿಮ್‌ನಲ್ಲಿ ಆಗ ಇಡೀ ತಂಡಕ್ಕೆ ದಂಡವಾಗಿ ಓಟ ಕೊಟ್ಟರು. ಎಲ್ಲರೂ ನನ್ನಿಂದಾಗಿ ಓಡುತ್ತಿದ್ದಾರೆಂಬ ಅರಿವಿನಲ್ಲಿ ಭಯ ಇನ್ನೂ ಗಟ್ಟಿಯಾಯಿತು. ನನ್ನ ತಾಯಿ ಆ ಋತು ಮುಗಿದ ಮೇಲೆ ಬೇರೆ ಜಿಮ್‌ಗೆ ಸೇರಿಸಿದರು. ಅಲ್ಲಿನ ಕೋಚ್ ನನ್ನನ್ನು ಲೆವೆಲ್ 1ರ ಚಲನೆಗಳಿಗೆ ಮರಳಿ ಕರೆದೊಯ್ದರು. ದಿನಕ್ಕೆ ಎಷ್ಟು ಸಲ ಪ್ರಯತ್ನಿಸಬೇಕೆಂದು ನಾನೇ ಹೇಳಬೇಕಿತ್ತು, ಅದಕ್ಕಿಂತ ಹೆಚ್ಚು ಮಾಡಲು ಅವರು ಬಿಡುತ್ತಿರಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಹ್ಯಾಂಡ್‌ಸ್ಪ್ರಿಂಗ್ ತಾನಾಗಿ ಮರಳಿತು. 'ಮೆಂಟಲ್ ಬ್ಲಾಕ್ ಬಂದ ಮಗುವಿಗೆ ನೀವು ಏನು ಮಾಡುತ್ತೀರಿ' ಎಂದು ಪ್ರತಿಯೊಂದು ಜಿಮ್‌ನಲ್ಲೂ ಕೇಳಿ. 'ನಮ್ಮಲ್ಲಿ ಅಂಥದ್ದು ಬರುವುದಿಲ್ಲ' ಎಂಬ ಉತ್ತರ ಸಿಕ್ಕರೆ ಅದು ಸತ್ಯವಲ್ಲ.

ಅರ್ವಿಂಗ್‌ನ ತಾಯಿ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಂಬತ್ತು ವರ್ಷದ ಮಗುವಿಗೆ ವರ್ಷವಿಡೀ ನಡೆಯುವ ಸ್ಪರ್ಧಾ ಕ್ರೀಡೆ ಏಕೆ ಬೇಕು? ನಮ್ಮ ನೆರೆಯ ಕುಟುಂಬವೊಂದು ಚಳಿಗಾಲದ ವಾರಾಂತ್ಯಗಳನ್ನೆಲ್ಲ ಸ್ಪರ್ಧಾ ಮಂದಿರಗಳಲ್ಲಿ ಕಳೆಯುತ್ತದೆ. ಅವರ ಚಿಕ್ಕ ಮಗ ಭಾನುವಾರದ ಕನ್ನಡ ತರಗತಿಗೂ ಬರುವುದನ್ನು ಬಿಟ್ಟಿದ್ದಾನೆ, ಏಕೆಂದರೆ ಅವನನ್ನು ಕರೆತರಲು ಮನೆಯಲ್ಲಿ ಯಾರೂ ಇರುವುದಿಲ್ಲ. ಶಾಲೆಯ ತಂಡದಲ್ಲಿ ಶಿಕ್ಷಕರ ಉಸ್ತುವಾರಿಯಿದೆ, ವೆಚ್ಚ ಕಡಿಮೆ, ಗೆಳತಿಯರೂ ಅಲ್ಲೇ ಇರುತ್ತಾರೆ. ಟೆಕ್ಸಾಸ್‌ನ ಶಾಲಾ ಕ್ರೀಡಾ ಮಂಡಳಿಯೇ 2016ರಿಂದ ರಾಜ್ಯ ಮಟ್ಟದ ಸ್ಪಿರಿಟ್ (ಶಾಲಾ ಚಿಯರ್) ಸ್ಪರ್ಧೆಯನ್ನು ನಡೆಸುತ್ತಿರುವಾಗ ಸ್ಪರ್ಧಿಸುವ ಆಸೆಗೂ ಅಲ್ಲಿ ಅವಕಾಶವಿದೆ. ಏಳನೆಯ ತರಗತಿಯವರೆಗೆ ಕಾಯಿರಿ ಎಂಬುದು ನನ್ನ ಸಲಹೆ.

ಪ್ಲೇನೋದ ತಂದೆ

ಅರ್ವಿಂಗ್‌ನವರ ಮಾತಿನಲ್ಲಿ ತೂಕವಿದೆ, ವಿಶೇಷವಾಗಿ ಮನೆಯ ಇನ್ನೊಂದು ಮಗುವಿನ ವಿಷಯದಲ್ಲಿ. ಆದರೆ ನಮ್ಮ ಕಡೆಯ ಹಲವು ಶಾಲೆಗಳ ಆಯ್ಕೆಯಲ್ಲಿ ಟಂಬ್ಲಿಂಗ್‌ಗೆ ಅಂಕಗಳಿವೆ, ಪೈಪೋಟಿಯೂ ಬಿರುಸಾಗಿದೆ. ಸುಮ್ಮನೆ ಕಾದ ಮಗು ಅಲ್ಲಿ ಹಿಂದೆ ಬೀಳುತ್ತದೆ. ನಡುವಿನ ದಾರಿಗಳಿವೆ. ತಂಡಕ್ಕೆ ಸೇರದೆ ವಾರಕ್ಕೊಂದು ಟಂಬ್ಲಿಂಗ್ ತರಗತಿಗೆ ಮಾತ್ರ ಹೋಗಬಹುದು. ಇಲ್ಲವೇ ಆಲ್‌ಸ್ಟಾರ್‌ನಲ್ಲೇ 'ನಾವಿಸ್' ಮತ್ತು 'ಪ್ರೆಪ್' ಎಂಬ ಹಗುರವಾದ ವಿಭಾಗಗಳನ್ನು ಆರಿಸಬಹುದು. ಅಲ್ಲಿ ಅಭ್ಯಾಸದ ಗಂಟೆಗಳು ಕಡಿಮೆ, ಸ್ಪರ್ಧೆಗಳು ಹೆಚ್ಚಾಗಿ ಹತ್ತಿರದ ಊರುಗಳಲ್ಲೇ, ವೆಚ್ಚವೂ ಎಲೀಟ್ (ಪೂರ್ಣ ಪ್ರಮಾಣದ ಸ್ಪರ್ಧಾ) ತಂಡಕ್ಕಿಂತ ಬಹಳ ಕಡಿಮೆ. ನಿಮ್ಮ ಮಗಳಿಗೆ ನಾನು ಮೊದಲ ವರ್ಷ ಪ್ರೆಪ್ ಅನ್ನೇ ಹೇಳುತ್ತೇನೆ.

ನ್ಯೂಜೆರ್ಸಿಯ ಲೆಕ್ಕಪರಿಶೋಧಕ

ಹಣದ ವಿಷಯ ಇನ್ನೂ ಬಂದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಎಲೀಟ್ ಆಲ್‌ಸ್ಟಾರ್ ತಂಡವೊಂದರಲ್ಲಿ ವರ್ಷಕ್ಕೆ ಮೂರರಿಂದ ಏಳು ಸಾವಿರ ಡಾಲರ್ ಖರ್ಚಾಗುವುದು ಅಪರೂಪವಲ್ಲ. ಜಿಮ್ ಹೇಳುವ ಮಾಸಿಕ ಶುಲ್ಕ ಇದರ ಒಂದು ಭಾಗ ಮಾತ್ರ. ಸಮವಸ್ತ್ರ, ಶೂ, ತಲೆಯ ಬೋ, ನೃತ್ಯ ಸಂಯೋಜನೆಯ ಶುಲ್ಕ, ಸಂಗೀತದ ಶುಲ್ಕ, ಸ್ಪರ್ಧೆಯ ಶುಲ್ಕ, ಕೋಚ್‌ಗಳ ಪ್ರಯಾಣ ವೆಚ್ಚದ ಪಾಲು, ಪೋಷಕರ ಪ್ರವೇಶದ ಟಿಕೆಟ್, ಹೋಟೆಲು, ಕೊನೆಗೆ ತಂಡ ಆಯ್ಕೆಯಾದರೆ ಋತುವಿನ ಕೊನೆಯ ದೊಡ್ಡ ಸ್ಪರ್ಧೆಗೆ ಫ್ಲಾರಿಡಾದ ಪ್ರವಾಸ. ಇಡೀ ವರ್ಷದ ಅಂದಾಜನ್ನು ತಿಂಗಳವಾರು ಬರಹದಲ್ಲಿ ಕೊಡಿ ಎಂದು ಕೇಳಿ. ಹಿಂದಿನ ವರ್ಷದ ಪೋಷಕರೊಬ್ಬರನ್ನು ಕಂಡು ಆ ಅಂದಾಜು ನಿಜವಾಯಿತೇ ಎಂದೂ ವಿಚಾರಿಸಿ.

ಈ ಉದ್ಯಮದ ರಚನೆಯೂ ವೆಚ್ಚಕ್ಕೆ ಒಂದು ಕಾರಣ. ಸ್ಪರ್ಧೆ, ಸಮವಸ್ತ್ರ, ಶಿಬಿರ ಮೂರರಲ್ಲೂ ವಾರ್ಸಿಟಿ ಎಂಬ ಒಂದೇ ಕಂಪನಿ ಪ್ರಬಲವಾಗಿದೆ. ಏಕಸ್ವಾಮ್ಯದ ಆರೋಪ ಹೊತ್ತ ಮೊಕದ್ದಮೆಗಳಲ್ಲಿ ಅದು ಮತ್ತು ಇತರ ಪ್ರತಿವಾದಿ ಸಂಸ್ಥೆಗಳು 2023ರಲ್ಲಿ 43.5 ಮಿಲಿಯನ್ ಡಾಲರ್‌ಗೂ, 2024ರಲ್ಲಿ 82.5 ಮಿಲಿಯನ್ ಡಾಲರ್‌ಗೂ ರಾಜಿ ಮಾಡಿಕೊಂಡವು. ನಿಗದಿತ ಹೋಟೆಲಿನಲ್ಲೇ ತಂಗಿದರೆ ಮಾತ್ರ ಸ್ಪರ್ಧೆಗೆ ಪ್ರವೇಶ ಎಂಬ ಪದ್ಧತಿಯೂ ಆ ವಿವಾದದ ಭಾಗವಾಗಿತ್ತು. ನಿಮ್ಮ ಜಿಮ್ ಹೋಗುವ ಸ್ಪರ್ಧೆಗಳಲ್ಲಿ ಈ ನಿಯಮ ಎಷ್ಟಕ್ಕಿದೆ ಎಂದು ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಒಪ್ಪಂದದಲ್ಲಿ ನಡುವೆ ಬಿಡುವ ನಿಯಮವನ್ನು ಪೂರ್ತಿ ಓದಿ. ಗಾಯವಾಗಿ ಬಿಟ್ಟರೆ, ಕೆಲಸ ಹೋಗಿ ಬೇರೆ ಊರಿಗೆ ತೆರಳಬೇಕಾದರೆ (ಎಚ್‌1ಬಿ ವೀಸಾದ ಮೇಲಿರುವವರಿಗೆ ಇದು ಊಹೆಯ ಮಾತಲ್ಲ) ಉಳಿದ ತಿಂಗಳುಗಳ ಶುಲ್ಕ ಕಟ್ಟಬೇಕೇ ಎಂಬುದು ಅಲ್ಲಿರುತ್ತದೆ. ಹಾಗೆಯೇ, ಬೂಸ್ಟರ್ ಕ್ಲಬ್ (ತಂಡಕ್ಕಾಗಿ ಹಣ ಕೂಡಿಸುವ ಪೋಷಕರ ಸಂಘ) ಮೂಲಕ ನೀವು ಸಂಗ್ರಹಿಸಿದ ದೇಣಿಗೆ ನಿಮ್ಮ ಮಗುವಿನ ಶುಲ್ಕಕ್ಕೇ ಜಮಾ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಎಚ್ಚರ ವಹಿಸಿ. ವರ್ಜೀನಿಯಾದ ಜಿಮ್ನಾಸ್ಟಿಕ್ಸ್ ಬೂಸ್ಟರ್ ಕ್ಲಬ್ ಒಂದು ಇದೇ ಪದ್ಧತಿಯಿಂದಾಗಿ ತೆರಿಗೆ ವಿನಾಯಿತಿ ಕಳೆದುಕೊಂಡದ್ದನ್ನು ತೆರಿಗೆ ನ್ಯಾಯಾಲಯ 2013ರಲ್ಲಿ ಎತ್ತಿಹಿಡಿಯಿತು.

ವಿದ್ಯಾರ್ಥಿವೇತನದ ಆಸೆಯಿಂದ ಇದಕ್ಕೆ ಹಣ ಹಾಕಬೇಡಿ. ಕಾಲೇಜು ಚಿಯರ್‌ಗೆ ಸಿಗುವ ನೆರವು ಬಹುಪಾಲು ಸಣ್ಣದು. ಚಿಯರ್‌ನಿಂದ ಹುಟ್ಟಿದ 'ಸ್ಟಂಟ್' ಎಂಬ ಕ್ರೀಡೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವಾದ ಎನ್‌ಸಿಎಎಯ ಉದಯೋನ್ಮುಖ ಕ್ರೀಡೆಗಳ ಪಟ್ಟಿಗೆ ಸೇರಿದ್ದು ನಿಜ, ಆದರೆ ಅದನ್ನು ನಂಬಿ ಒಂಬತ್ತು ವರ್ಷದ ಮಗುವಿನ ಲೆಕ್ಕ ಹಾಕುವಂತಿಲ್ಲ.

ಷಿಕಾಗೋದ ಶಾಲಾ ಸಲಹೆಗಾರ್ತಿ

ಒಂದು ಕಷ್ಟದ ವಿಷಯವನ್ನು ಯಾರಾದರೂ ಎತ್ತಲೇಬೇಕು. ಜಿಮ್ನಾಸ್ಟಿಕ್ಸ್ ತಂಡದ ವೈದ್ಯನೊಬ್ಬನಿಂದ ನೂರಾರು ಹುಡುಗಿಯರಿಗೆ ಆದ ಲೈಂಗಿಕ ದೌರ್ಜನ್ಯ ಬಯಲಾದ ಮೇಲೆ, ಎಳೆಯ ಕ್ರೀಡಾಪಟುಗಳನ್ನು ದೌರ್ಜನ್ಯದಿಂದ ಕಾಯುವ ಸೇಫ್‌ಸ್ಪೋರ್ಟ್ ಕಾಯಿದೆ 2018ರಲ್ಲಿ ಜಾರಿಗೆ ಬಂದಿತು. ಚಿಯರ್ ಲೋಕದಲ್ಲೂ ಕೋಚ್‌ಗಳ ಮೇಲೆ ಇಂತಹ ಪ್ರಕರಣಗಳು ನ್ಯಾಯಾಲಯದವರೆಗೆ ಹೋಗಿವೆ, ಶಿಕ್ಷೆಗಳೂ ಆಗಿವೆ. ನಮ್ಮ ಮನೆಗಳಲ್ಲಿ ಕೋಚ್ ಎಂದರೆ ಗುರು, ಗುರುವನ್ನು ಪ್ರಶ್ನಿಸುವುದು ಅವಿನಯ ಎಂಬ ಸಂಕೋಚ ಇನ್ನೂ ಇದೆ. ಅದನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಿ.

ಜಿಮ್ ಮತ್ತು ಕೋಚ್‌ಗಳು ಯುಎಸ್‌ಎಎಸ್‌ಎಫ್ (ಅಮೆರಿಕದ ಆಲ್‌ಸ್ಟಾರ್ ಒಕ್ಕೂಟ) ಸದಸ್ಯರೇ ಎಂದು ಪರಿಶೀಲಿಸಿ. 2003ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಕೋಚ್‌ಗಳ ಹಿನ್ನೆಲೆ ತಪಾಸಣೆ, ಮಕ್ಕಳ ರಕ್ಷಣೆಯ ತರಬೇತಿ ಮತ್ತು ಆಯಾ ಮಟ್ಟಕ್ಕೆ ಕಲಿಸುವ ಅರ್ಹತೆಯನ್ನು ನೋಡಿಕೊಳ್ಳುತ್ತದೆ. ಕ್ರೀಡೆಯಲ್ಲಿನ ದೌರ್ಜನ್ಯದ ದೂರುಗಳನ್ನು ವಿಚಾರಿಸುವ ಸೇಫ್‌ಸ್ಪೋರ್ಟ್ ಕೇಂದ್ರದ ಶಿಸ್ತುಕ್ರಮದ ಪಟ್ಟಿಯನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು. ಆದರೆ ಪಟ್ಟಿಯಲ್ಲಿ ಹೆಸರಿಲ್ಲ ಎಂಬುದರಿಂದಲೇ ನಿಶ್ಚಿಂತರಾಗಬೇಡಿ. ದಿನದ ನಡವಳಿಕೆ ಅದಕ್ಕಿಂತ ಮುಖ್ಯ. ಮಗುವಿನೊಂದಿಗೆ ವಯಸ್ಕರೊಬ್ಬರ ಪ್ರತಿಯೊಂದು ಭೇಟಿಯೂ ಬೇರೆಯವರಿಗೆ ಕಾಣುವಂತೆ, ಬೇರೆಯವರು ನಡುವೆ ಪ್ರವೇಶಿಸಲು ಸಾಧ್ಯವಾಗುವಂತೆ ಇರಬೇಕೆಂಬುದು ಒಪ್ಪಿತ ನಿಯಮ. ಕೋಚ್ ಮಗುವಿಗೆ ನೇರವಾಗಿ ಖಾಸಗಿ ಸಂದೇಶ ಕಳಿಸುವುದು, ಒಬ್ಬಳನ್ನೇ ಕಾರಿನಲ್ಲಿ ಕರೆದೊಯ್ಯುವುದು, ಪ್ರವಾಸದಲ್ಲಿ ಮಕ್ಕಳ ಕೋಣೆಯಲ್ಲಿ ಒಂಟಿಯಾಗಿ ಇರುವುದು ಯಾವ ಕಾರಣಕ್ಕೂ ಸಲ್ಲದು. ಸ್ಟಂಟ್ ಕಲಿಸುವಾಗ ಕೋಚ್ ಮಗುವಿನ ಮೈ ಮುಟ್ಟಲೇಬೇಕಾಗುತ್ತದೆ. ಒಳ್ಳೆಯ ಕೋಚ್ ಮೊದಲೇ 'ನಿನ್ನ ಸೊಂಟವನ್ನು ಹಿಡಿಯುತ್ತೇನೆ' ಎಂದು ಹೇಳಿ, ಮಗು ಒಪ್ಪಿದ ಮೇಲೆ ಹಿಡಿಯುತ್ತಾರೆ. ಮಗಳಿಗೂ ಇದನ್ನು ಕನ್ನಡದಲ್ಲೇ, ಅವಳಿಗೆ ಅರ್ಥವಾಗುವ ಸರಳ ಮಾತಿನಲ್ಲಿ, ಸೇರುವ ಮುನ್ನ ಹೇಳಿಕೊಡಿ.

ಮೈಸೂರಿನ ನಿವೃತ್ತ ದೈಹಿಕ ಶಿಕ್ಷಕರು

ನಾನು ಮಗಳ ಮನೆಗೆಂದು ಟೆಕ್ಸಾಸ್‌ಗೆ ಬಂದಾಗ ಮೊಮ್ಮಗಳ ಅಭ್ಯಾಸವನ್ನು ಹಲವು ಸಂಜೆ ನೋಡಿದ್ದೇನೆ. ನಿಮ್ಮ ಅತ್ತೆಮಾವಂದಿರ ಅನಿಸಿಕೆ ನನಗೆ ಅರ್ಥವಾಗುತ್ತದೆ. 2008ರಲ್ಲಿ ಐಪಿಎಲ್ ಆರಂಭವಾದಾಗ ವಾಷಿಂಗ್ಟನ್‌ನ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದಿದ್ದರು. ನಮ್ಮ ತಲೆಮಾರಿಗೆ ಆ ಪದದ ಅರ್ಥ ಅಲ್ಲಿಗೇ ನಿಂತಿತು. ಅದು ವೃತ್ತಿಪರ ನೃತ್ಯ ಮನರಂಜನೆ. ಮಕ್ಕಳು ಇಲ್ಲಿ ಮಾಡುವುದು ಬೇರೆ. 1898ರ ನವೆಂಬರ್‌ನಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಇದನ್ನು ಆರಂಭಿಸಿದವನು ಜಾನಿ ಕ್ಯಾಂಬೆಲ್ ಎಂಬ ವಿದ್ಯಾರ್ಥಿ. ಅದೇ ವಿಶ್ವವಿದ್ಯಾಲಯದಲ್ಲಿ ಹುಡುಗಿಯರು ಸೇರಿದ್ದು 1923ರಲ್ಲಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2021ರಲ್ಲಿ ಈ ಕ್ರೀಡೆಯ ವಿಶ್ವ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ನೀಡಿದೆ. ಶಾಲಾ ತಂಡಗಳ ರಾಷ್ಟ್ರೀಯ ನಿಯಮಾವಳಿಯಂತೆ ನೆಟ್ಟಗೆ ನಿಂತಾಗ ಸಮವಸ್ತ್ರ ಹೊಟ್ಟೆಯನ್ನು ಮುಚ್ಚಲೇಬೇಕು. ಖಾಸಗಿ ಜಿಮ್‌ನ ಉಡುಪಿನ ಚಿತ್ರವನ್ನು ಸೇರುವ ಮೊದಲೇ ಕೇಳಿ ಪಡೆಯಿರಿ, ಇಷ್ಟವಾಗದಿದ್ದರೆ ಬೇರೆ ಜಿಮ್ ನೋಡಿ.

ನನ್ನ ವೃತ್ತಿಯ ಕಣ್ಣಿಗೆ ಬಿದ್ದ ಒಂದು ಅಂಶವನ್ನು ಹೇಳುತ್ತೇನೆ. ಮೊಮ್ಮಗಳ ಕೋಚ್ ಮೊದಲ ತಿಂಗಳು ಮಕ್ಕಳಿಗೆ ಬೀಳುವುದನ್ನು ಕಲಿಸಿದರು: ಕೈ ಊರದೆ ಉರುಳುವುದು, ಮೇಲಿನವಳು ಮೈಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದು, ಕೆಳಗಿನವರು ಒಂದು ಹೆಜ್ಜೆಯೂ ಹಿಂದೆ ಸರಿಯದೆ ಒಳಕ್ಕೇ ನುಗ್ಗುವುದು. ಸ್ಟಂಟ್ ಅಲುಗಿದ ಕೂಡಲೇ 'ಇಳಿಸಿ' ಎಂದು ಯಾವ ಮಗು ಬೇಕಾದರೂ ಕೂಗಬಹುದಿತ್ತು, ಕೂಗಿದವಳನ್ನು ಯಾರೂ ಬೈಯುತ್ತಿರಲಿಲ್ಲ. ಮಲ್ಲಕಂಬ ಕಲಿಸುವ ನಮ್ಮ ಒಳ್ಳೆಯ ಗರಡಿಗಳಲ್ಲಿಯೂ ಇಳಿಯುವುದನ್ನು ಕಲಿಯದವನಿಗೆ ಹತ್ತಲು ಅಪ್ಪಣೆಯಿಲ್ಲ. ಅತ್ತೆಮಾವಂದಿರನ್ನು ಒಂದು ಸಲ ಅಭ್ಯಾಸಕ್ಕೆ ಕರೆದುಕೊಂಡು ಹೋಗಿ, ಅವರು ಊರಿನಲ್ಲಿದ್ದರೆ ವಿಡಿಯೋ ಕರೆಯಲ್ಲಿ ತೋರಿಸಿ. ಪ್ರದರ್ಶನಕ್ಕಿಂತ ಅಭ್ಯಾಸವೇ ಅವರ ಮನಸ್ಸನ್ನು ಬದಲಿಸುತ್ತದೆ.

ಫ್ರಿಸ್ಕೋದ ತಾಯಿ

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಈ ನಡುವೆ ಎರಡು ಜಿಮ್‌ಗಳಿಗೆ ಹೋಗಿಬಂದೆವು. ಮೊದಲನೆಯದು ಬಹಳ ದೊಡ್ಡದು. ಕಚೇರಿಯಲ್ಲಿ ಮಾತನಾಡಿದವರು ಮಗಳ ಎತ್ತರ ನೋಡಿ ಕೂಡಲೇ 'ಫ್ಲೈಯರ್' ಎಂದರು. ಟಂಬ್ಲಿಂಗ್ ನೋಡುವ ಮೊದಲೇ ಲೆವೆಲ್ 2ರ ತಂಡದಲ್ಲಿ ಜಾಗವಿದೆ ಎಂದರು, ವಾರದ ಕೊನೆಯೊಳಗೆ ಮುಂಗಡ ಕಟ್ಟಬೇಕೆಂದರು. ಅಭ್ಯಾಸವನ್ನು ಟಿವಿ ಪರದೆಯ ಮೇಲೆ ಮಾತ್ರ ನೋಡಬಹುದಿತ್ತು, ಧ್ವನಿ ಇರಲಿಲ್ಲ. ಎರಡನೆಯದು ಗೋದಾಮಿನಂತಹ ಕಟ್ಟಡದಲ್ಲಿದೆ, ಬ್ಯಾನರ್‌ಗಳು ಕಡಿಮೆ. ಅಲ್ಲಿ ಪೂರ್ತಿ ಅಭ್ಯಾಸ ನೋಡಿದೆವು. ಅಳುತ್ತಿದ್ದ ಒಂದು ಮಗುವಿನ ಪಕ್ಕದಲ್ಲಿ ಕೋಚ್ ನೆಲದ ಮೇಲೆ ಕುಳಿತು ಮಾತನಾಡಿದರು. ಆ ಮಗು ಆ ಸಂಜೆ ಹ್ಯಾಂಡ್‌ಸ್ಪ್ರಿಂಗ್ ಬದಲು ಬ್ರಿಡ್ಜ್ ಮತ್ತು ಕಿಕ್‌ಓವರ್ ಎಂಬ ಸರಳ ಚಲನೆಗಳಷ್ಟನ್ನೇ ಮಾಡಿತು, ಅಭ್ಯಾಸ ಮುಂದುವರಿಯಿತು. ತುರ್ತು ಯೋಜನೆಯನ್ನು ಕೇಳಿದಾಗ ಗೋಡೆಯ ಮೇಲಿದ್ದದ್ದನ್ನು ತೋರಿಸಿದರು. ಮೆಂಟಲ್ ಬ್ಲಾಕ್ ಬಗ್ಗೆ ಕೇಳಿದಾಗ ಕಚೇರಿಯವರ ಬದಲು ಕೋಚ್ ಅವರೇ ಬಂದು ವಿವರಿಸಿದರು.

ಅಲ್ಲಿ ಪ್ರೆಪ್ ತಂಡಕ್ಕೆ ಸೇರಿಸಬೇಕೆಂದಿದ್ದೇವೆ. ಒಂದೇ ತೊಡಕು ಉಳಿದಿದೆ. ಭರತನಾಟ್ಯ ಶಾಲೆಯ ವಾರ್ಷಿಕೋತ್ಸವ ಫೆಬ್ರುವರಿಯಲ್ಲಿ ಬರುತ್ತದೆ, ಅದೇ ಸ್ಪರ್ಧೆಗಳ ಕಾಲ. ನಾಟ್ಯವನ್ನು ಬಿಡಲು ಅವಳಿಗೂ ಇಷ್ಟವಿಲ್ಲ, ನಮಗೂ ಇಲ್ಲ. ಜಿಮ್‌ನವರು ಇದನ್ನು ಒಪ್ಪುತ್ತಾರೆಯೇ?

ಆಸ್ಟಿನ್ ವಿದ್ಯಾರ್ಥಿನಿ

ಮುಂಚೆಯೇ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ, ಕೊನೆಯ ಗಳಿಗೆಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪದಿರುವುದಕ್ಕೆ ನ್ಯಾಯವಾದ ಕಾರಣವೂ ಇದೆ. ಒಂದು ಸ್ಟಂಟ್ ಗುಂಪಿನಲ್ಲಿ ನಾಲ್ಕು ಮಕ್ಕಳಿರುತ್ತಾರೆ. ಒಬ್ಬಳು ಬಾರದಿದ್ದರೆ ಉಳಿದ ಮೂವರು ಆ ಸಂಜೆ ಎತ್ತಲಾಗದೆ ನಿಲ್ಲುತ್ತಾರೆ, ಇಲ್ಲವೇ ಅಭ್ಯಾಸವಿಲ್ಲದ ಬದಲಿಯನ್ನು ಹಾಕಿ ಎತ್ತುತ್ತಾರೆ, ಆಗಲೇ ಗಾಯಗಳಾಗುವುದು. ವಾರ್ಷಿಕೋತ್ಸವದ ದಿನಾಂಕ ಮತ್ತು ಅದರ ಹಿಂದಿನ ವಾರದ ತಾಲೀಮಿನ ದಿನಗಳನ್ನು ನಾಟ್ಯ ಗುರುಗಳಿಂದ ಈಗಲೇ ಕೇಳಿ, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಜಿಮ್‌ಗೆ ಬರಹದಲ್ಲಿ ಕೊಡಿ. ನೃತ್ಯ ಸಂಯೋಜನೆ ಬೇಸಿಗೆಯಲ್ಲೇ ಆಗುವುದರಿಂದ, ತಿಳಿದಿದ್ದರೆ ಕೋಚ್ ಅವಳ ಸ್ಥಾನವನ್ನು ಅದಕ್ಕೆ ತಕ್ಕಂತೆ ಇಡುತ್ತಾರೆ. ಸ್ಪರ್ಧೆಗೆ ಹಿಂದಿನ ವಾರದ ಅಭ್ಯಾಸಗಳನ್ನು ಮಾತ್ರ ತಪ್ಪಿಸುವಂತಿಲ್ಲ. ಆ ವಾರ ವಾರ್ಷಿಕೋತ್ಸವಕ್ಕೆ ತಾಗುತ್ತದೆಯೇ ಎಂದು ಎರಡೂ ಕಡೆಯ ವೇಳಾಪಟ್ಟಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಫ್ರಿಸ್ಕೋದ ತಾಯಿ

ನಾಟ್ಯ ಗುರುಗಳನ್ನು ವಿಚಾರಿಸಿದೆ. ಈ ಬಾರಿ ವಾರ್ಷಿಕೋತ್ಸವ ಫೆಬ್ರುವರಿಯ ಮೊದಲ ಶನಿವಾರ. ಪ್ರೆಪ್ ತಂಡದ ಆ ತಿಂಗಳ ಏಕೈಕ ಸ್ಪರ್ಧೆ ಮೂರನೆಯ ವಾರಾಂತ್ಯದಲ್ಲಿ, ಅದೂ ಫೋರ್ಟ್‌ವರ್ತ್‌ನಲ್ಲಿ. ದಿನಾಂಕಗಳನ್ನು ಬರೆದು ಕೋಚ್‌ಗೆ ಕಳಿಸಿದ್ದೇನೆ, ಅವರು ಒಪ್ಪಿ ಉತ್ತರಿಸಿದ್ದಾರೆ. ವೈದ್ಯಕೀಯ ತಪಾಸಣೆ ಮುಂದಿನ ವಾರ ಇದೆ. ಅದಾದ ಮೇಲೆ ಒಪ್ಪಂದಕ್ಕೆ ಸಹಿ ಹಾಕುತ್ತೇವೆ.